ಚಿಕ್ಕಮ್ಮನ ಪಾಸ್‌ಪೋರ್ಟು

ಚಿಕ್ಕಮ್ಮ ತೀರಿಕೊಂಡ ಸುದ್ದಿ ಗೋ ಕಿಮ್ ಸ್ವೀಗೆ ಮುಟ್ಟಿದ್ದು ಬುಧವಾರ ಬೆಳಿಗ್ಗೆ ಆರೂವರೆಗೆ. ಚಿಕ್ಕಮ್ಮ ತೀರಿಕೊಂಡದ್ದು ಭಾನುವಾರ.

"ಮೂರು ದಿನ ಆಯ್ತಾ? ಯಾಕೆ ಹೇಳ್ಲಿಲ್ಲ ಲಾನ್?" ಎಂದು ಸ್ವೀ ಫೋನಿನಲ್ಲಿ ಕೂಗಿದ.

"ಹೇಳಿದ್ರೆ ಬರ್ತಿದ್ಯಾ ಅಣ್ಣ?" ಎಂದಳು ಗಡಿಯಾಚೆಯ ಮಿರಿ ಊರಿನಿಂದ ಲಾನ್. ಅವಳು ಚಿಕ್ಕಮ್ಮನ ಸಾಕುಮಗಳು. "ಮುಕ್ಕಾಲು ಗಂಟೆ ದಾರಿ. ಹನ್ನೊಂದು ವರ್ಷದಿಂದ ಬಂದಿಲ್ಲ ನೀನು. ನಾಳೆ ನಿನ್ನ ಪರೀಕ್ಷೆ ಬೇರೆ. 'ಅವನಿಗೆ ಹೇಳ್ಬೇಡ, ಓದ್ಕೊಳ್ಳಲಿ' ಅಂತ ಅಮ್ಮನೇ ಕೊನೇಲಿ ಹೇಳಿದ್ಲು."

"ಮತ್ತೆ ಈಗ್ಯಾಕೆ ಹೇಳಿದೆ?"

"ಶವಪೆಟ್ಟಿಗೆ ಮುಂದೆ ಧೂಪದ ಪಾತ್ರೆ ಹಿಡಿಯೋಕೆ ಗಂಡಸಿಲ್ಲ. ನಮ್ಮ ಪಕ್ಕದ್ಮನೆ ಫಟ್ ಒಪ್ಕೊಂಡಿದ್ದ. ನಿನ್ನೆ ಪೂಜಾರಿ ಚೀನೀ ಪಂಚಾಂಗ ತೆಗೆದು ನೋಡಿದ್ರೆ ಅವನು ಕೋಳಿ ವರ್ಷದಲ್ಲಿ ಹುಟ್ಟಿದೋನು. ಅಮ್ಮಂದು ಮೊಲದ ವರ್ಷ. ಕೋಳಿಗೂ ಮೊಲಕ್ಕೂ ಜನ್ಮದ ದ್ವೇಷವಂತೆ. ಅವನು ಪೆಟ್ಟಿಗೆ ಹತ್ರ ಬರೋ ಹಾಗೇ ಇಲ್ಲ, ಬೀದಿ ಕೊನೇಲಿ ಕೂತು ಕಡಲೆಕಾಯಿ ತಿಂತಿದಾನೆ. ನೀನು ಎತ್ತಿನ ವರ್ಷ. ಎತ್ತಿಗೆ ಅಮ್ಮನ ಜೊತೆ ಜಗಳ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಎತ್ತಬೇಕು. ನೀನು ಬಂದ್ರೆ ಎತ್ತುತ್ತಾರೆ, ಇಲ್ದಿದ್ರೆ ಇಲ್ಲ. ನೋಡು."

ಲಾನ್ ಫೋನ್ ಇಟ್ಟಳು. ಸ್ವೀ ಗೋಡೆಯ ಕಡೆ ತಿರುಗಿದ.

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಹಾಗೆ ಹನ್ನೊಂದು ಕ್ಯಾಲೆಂಡರುಗಳು ಒಂದರ ಮೇಲೊಂದು ಅದೇ ಮೊಳೆಗೆ ನೇತಾಡುತ್ತಿದ್ದವು, ಮೊಳೆ ಬಾಗಿತ್ತು. ಪ್ರತಿ ದಿನಕ್ಕೂ ಒಂದು ಕೆಂಪು ಗೀಟು. ಗೀಟು ಎಂದರೆ ಆ ದಿನ ಸ್ವೀ ದೇಶ ಬಿಟ್ಟು ಹೊರಗೆ ಹೋಗಿಲ್ಲವೆಂದು.

ಅವನು ಹುಟ್ಟಿದ್ದು ಗಡಿಯ ಈಚೆ, ಇದೇ ಕುವಾಲಾ ಬೆಲೈಟಿನಲ್ಲಿ, ಇದೇ ಗಡಿಯಾರದ ಅಂಗಡಿಯ ಮಹಡಿಯಲ್ಲಿ. ಅರವತ್ತಮೂರು ವರ್ಷ ಇಲ್ಲಿಯ ನೀರು ಕುಡಿದು, ಇಲ್ಲಿಯ ಅರ್ಧ ಊರಿನ ಗಡಿಯಾರಗಳಿಗೆ ಜೀವ ಕೊಟ್ಟಿದ್ದ. ಆದರೂ ಚೀನೀ ವಲಸಿಗರ ಮಗನೆಂದು, ಪಾಸ್‌ಪೋರ್ಟಿನ ಬದಲು ಅವನಿಗೆ ಕೊಟ್ಟಿದ್ದ ಪ್ರಯಾಣದ ಪುಸ್ತಕದಲ್ಲಿ 'ಪೌರತ್ವ' ಎಂಬ ಜಾಗದಲ್ಲಿ ಒಂದು ಸಣ್ಣ ಅಡ್ಡಗೆರೆ ಮಾತ್ರ ಇತ್ತು. ಆ ಅಡ್ಡಗೆರೆಯನ್ನು ಅಳಿಸಲು ಅವನು ಅರ್ಜಿ ಹಾಕಿ ಹತ್ತೊಂಬತ್ತು ವರ್ಷಗಳಾಗಿದ್ದವು. ಮೊದಲ ಎಂಟು ವರ್ಷ ಎಲ್ಲರಂತೆ ವಾರಕ್ಕೊಮ್ಮೆ ಗಡಿ ದಾಟಿ ಮಿರಿಗೆ ಹೋಗಿ ಚಿಕ್ಕಮ್ಮನ ಕೈಯ ನೂಡಲ್ ತಿಂದು ಬರುತ್ತಿದ್ದ. ಆಮೇಲೆ ಯಾರೋ ಹೇಳಿದರು, ಅರ್ಜಿ ಬಾಕಿ ಇರುವಾಗ ಹೊರಗೆ ಕಳೆದ ಒಂದೊಂದು ದಿನವನ್ನೂ ಎಣಿಸುತ್ತಾರೆಂದು. ಅಂದಿನಿಂದ ಸ್ವೀ ಮರಕ್ಕೆ ಕಟ್ಟಿದ ಆಡಿನಂತೆ ಊರೊಳಗೇ ಸುತ್ತಿದ. ನಾಳೆ ಬೆಳಿಗ್ಗೆ ಎಂಟಕ್ಕೆ ಪೌರತ್ವಕ್ಕಾಗಿ ಅವನ ಮಲಯ ಭಾಷಾ ಪರೀಕ್ಷೆ. ಕರೆ ಬಂದು ವಾರವಾಗಿತ್ತು.

ತಾಯಿ ಸತ್ತಾಗ ಸ್ವೀಗೆ ನಾಲ್ಕು ವರ್ಷ. ಅವನನ್ನು ಸಾಕಿದ್ದು ಗೆಕ್ ಚಿಕ್ಕಮ್ಮ. ತೈಲ ಕಂಪನಿಯ ದೊರೆಗಳ ಬಟ್ಟೆ ಒಗೆದು ಅವನನ್ನು ಗಡಿಯಾರದ ಕೆಲಸ ಕಲಿಯಲು ಹಚ್ಚಿದಳು, ಅವನು ಒಂದು ದಾರಿಗೆ ಬಂದ ಮೇಲೆಯೇ ಮದುವೆಯಾಗಿ ಮಿರಿಗೆ ಹೋದಳು. ಅಂಥವಳ ಪೆಟ್ಟಿಗೆ ಎತ್ತುವವರಿಲ್ಲದೆ ನಡುಮನೆಯಲ್ಲಿ ಕಾಯುತ್ತಿತ್ತು.

ಏಳು ಗಂಟೆಗೆ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು. ಮೊದಲು ಬಂದವರು ಪಕ್ಕದ ಮನೆಯ ಹಾಜಿ ಮತ್ತೂಸಿನ್, ಕೈಯಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ ಹಿಡಿದು. ಪರೀಕ್ಷೆಯಲ್ಲಿ ಊರಿನ ಮೀನು, ಎಲೆ, ಅಡುಗೆಮನೆಯ ಸಾಮಾನು ತೋರಿಸಿ ಮಲಯ ಹೆಸರು ಕೇಳುತ್ತಾರೆ. ಹಾಜಿಗಳು ಮೇಷ್ಟರಾಗಿದ್ದವರು, ಎರಡು ವರ್ಷದಿಂದ ದಿನಕ್ಕೊಂದು ವಸ್ತು ತಂದು ಸ್ವೀಗೆ ಪಾಠ ಮಾಡುತ್ತಿದ್ದರು.

"ಪಾಪ, ಒಳ್ಳೇ ಹೆಂಗಸು. ದೇವರು ದೊಡ್ಡವನು," ಎಂದು ನಿಟ್ಟುಸಿರು ಬಿಟ್ಟು, ಪೊಟ್ಟಣ ಬಿಚ್ಚಿ, "ಇದೇನು ಹೇಳು ನೋಡೋಣ?" ಎಂದರು.

"ಹಾಜಿಗಳೇ, ನಮ್ಮ ಚಿಕ್ಕಮ್ಮ ಹೋಗಿದಾಳೆ!"

"ಅದಕ್ಕೇ ಚಿಕ್ಕ ಮೀನು ತಂದೆ. ಹೇಳು."

ಸ್ವೀ ಹೇಳಿದ. ಸರಿಯಾಗಿತ್ತು. ಅಷ್ಟರಲ್ಲಿ ಎದುರಿನ ನೂಡಲ್ ಅಂಗಡಿಯ ಮೊಯ್ ಅಕ್ಕ ಏಪ್ರನ್ ಒರೆಸಿಕೊಳ್ಳುತ್ತ ಬಂದಳು. ಆ ಬೀದಿಯಲ್ಲಿ ಪೌರತ್ವದ ವಿಷಯಕ್ಕೆ ಮೊಯ್ ಅಕ್ಕನೇ ಹೈಕೋರ್ಟು. ಎರಡು ಸಲ ತೆಂಗಿನಕಡ್ಡಿ ಪೊರಕೆಯಲ್ಲಿ ಫೇಲಾಗಿ, ಮೂರನೇ ಸಲ ಪಾಸಾಗಿ, ಆರು ವರ್ಷದ ಹಿಂದೆ ಪ್ರಜೆಯಾದವಳು.

"ಹೋಗಬೇಡ ಅಂದ್ರೆ ಪಾಪ ಬರುತ್ತೆ, ಹೋಗು ಅಂದ್ರೆ ನಿನ್ನ ಅರ್ಜಿ ಹೋಗುತ್ತೆ," ಎಂದು ಅವಳು ತೀರ್ಪು ಶುರು ಮಾಡಿದಳು.

"ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ಅದೆಂಥಾ ಪ್ರಯಾಣ?" ಎಂದರು ಹಾಜಿಗಳು. "ನಾನು ಟೊಮೆಟೊ ತರೋಕೆ ಹೋಗಲ್ವಾ?"

"ನಿಮಗೇನು ಹಾಜಿಗಳೇ, ನೀವು ಹೊಟ್ಟೇಲಿದ್ದಾಗಲೇ ಪ್ರಜೆ. ನಮ್ಮ ಮುದ್ರೆನ ಭೂತಕನ್ನಡಿ ಹಾಕಿ ನೋಡ್ತಾರೆ."

"ಒಂದು ದಿನದ ಮುದ್ರೆಗೆ ಯಾರೂ ಏನೂ ಅನ್ನಲ್ಲ."

"ಹತ್ತೊಂಬತ್ತು ವರ್ಷ ಕಾದು ಒಂದಿನಕ್ಕೋಸ್ಕರ ಕಳಕೊಂಡ್ರೆ ನೀವು ಕೊಡ್ತೀರಾ ಪೌರತ್ವ?"

"ನನ್ನ ಹತ್ರ ಇದ್ದಿದ್ರೆ ಯಾವತ್ತೋ ಕೊಟ್ಟು ಬಿಡ್ತಿದ್ದೆ, ದಿನಾ ಮೀನು ತರೋ ಖರ್ಚಾದ್ರೂ ಉಳೀತಿತ್ತು!"

ಇಬ್ಬರ ನಡುವೆ ಸ್ವೀ ಲೋಲಕದಂತೆ ಆ ಕಡೆ ಈ ಕಡೆ ತಲೆ ತಿರುಗಿಸುತ್ತ ನಿಂತಿದ್ದ. ಕೊನೆಗೆ, "ಅವಳು ನನ್ನ ಎತ್ತಿ ಆಡಿಸಿದೋಳು. ನಾನು ಅವಳನ್ನ ಎತ್ತಬೇಕು. ಹೋಗ್ತೀನಿ," ಎಂದ.

"ಹಾಗಾದ್ರೆ ನನ್ನ ಕಾರಲ್ಲೇ ಬಾ," ಎಂದಳು ಮೊಯ್ ಅಕ್ಕ. ಅವಳಿಗೆ ಹೇಗೂ ಮಿರಿಯಿಂದ ಈರುಳ್ಳಿ ತರಬೇಕಿತ್ತು.

ಪ್ರಯಾಣದ ಪುಸ್ತಕ ಡ್ರಾಯರಿನ ತಳದಿಂದ ಹೊರಬಂತು. ಅವಧಿ ಮುಗಿದಾಗಲೆಲ್ಲ ಸ್ವೀ ಅದನ್ನು ನಿಷ್ಠೆಯಿಂದ ನವೀಕರಿಸುತ್ತಿದ್ದ, ಆದರೆ ಬಳಸುತ್ತಿರಲಿಲ್ಲ. ಹಬ್ಬದ ಬಟ್ಟೆಯನ್ನು ಇಟ್ಟು ಇಟ್ಟು ನುಸಿಗೆ ಕೊಟ್ಟ ಹಾಗೆ. ರಟ್ಟು ಮಾಸಿ ಒಣಗಿದ ತಂಬಾಕಿನ ಎಲೆಯಂತಾಗಿತ್ತು. ಒಂದು ಮೂಲೆಯನ್ನು ಜಿರಳೆ ರುಚಿ ನೋಡಿತ್ತು.

ಗಡಿಯಲ್ಲಿ ಒಂದೂವರೆ ಗಂಟೆ ಸಾಲು. ಈ ಕಡೆ ಒಂದು ಮುದ್ರೆ, ಆ ಕಡೆ ಒಂದು ಮುದ್ರೆ. ಎರಡು ಸಲವೂ ಆ ಸದ್ದು ತನ್ನ ಎದೆಯ ಮೇಲೆಯೇ ಬಿದ್ದಂತೆ ಸ್ವೀ ಕಣ್ಣು ಮುಚ್ಚಿದ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಬಾಯಲ್ಲಿ ಒಂದು ಮೀನಿನ ಹೆಸರು, ಒಂದು ಎಲೆಯ ಹೆಸರು, ನಡುವೆ "ಚಿಕ್ಕಮ್ಮಾ" ಎಂಬ ನಿಟ್ಟುಸಿರು.

"ಐದೇ ನಿಮಿಷ," ಎಂದು ಮೊಯ್ ಅಕ್ಕ ಮಿರಿಯ ಮಾರುಕಟ್ಟೆಯ ಮುಂದೆ ಕಾರು ನಿಲ್ಲಿಸಿದಳು. ಐದು ನಿಮಿಷ ಐವತ್ತಾಯಿತು. ಈರುಳ್ಳಿ ಎರಡು ಮೂಟೆ, ಮೊಟ್ಟೆ ಆರು ತಟ್ಟೆ. ಮೊಟ್ಟೆಗಳು ಸ್ವೀಯ ತೊಡೆಯ ಮೇಲೆ ಬಂದವು. ಸಾವಿನ ಮನೆಗೆ ಅವನು ಇಳಿದದ್ದು ಹನ್ನೆರಡೂಕಾಲಿಗೆ, ಕಾವು ಬಿಟ್ಟೆದ್ದ ಕೋಳಿಯಂತೆ, ಸೊಂಟ ನೆಟ್ಟಗಾಗದೆ.

"ಬಂದ್ಯಾ ಅಣ್ಣ!" ಎಂದು ಲಾನ್ ಅತ್ತಳು. ಅವನೂ ಅತ್ತ. ಪೂಜಾರಿ ಗಡಿಯಾರ ನೋಡಿದ.

"ಅಳೋದು ಆಮೇಲೆ. ಗೋಣಿನಾರಿನ ಅಂಗಿ ಹಾಕ್ಕೊಳ್ಳಿ. ಮೈಮೇಲೆ ಏನೂ ಇರಬಾರದು. ಕೀಲಿ, ಪರ್ಸು, ಕನ್ನಡಕ, ಫೋನು, ಕಾಗದ ಎಲ್ಲ ತೆಗೆದು ಇಡಿ. ಕಬ್ಬಿಣ ಇದ್ರೆ ಆತ್ಮ ಅಡ್ಡಾಡುತ್ತೆ."

ಸ್ವೀ ಜೇಬುಗಳನ್ನು ಬಾಗಿಲ ಬಳಿಯ ದುಂಡು ಮೇಜಿನ ಮೇಲೆ ಬರಿದು ಮಾಡಿದ. ಆ ಮೇಜಿನ ಮೇಲೆ ಪರಲೋಕದಲ್ಲಿ ಚಿಕ್ಕಮ್ಮನಿಗೆ ಸಿಗಲೆಂದು ಸುಟ್ಟು ಕಳಿಸಬೇಕಾದ ಕಾಗದದ ಸಾಮಾನುಗಳೂ ಇದ್ದವು. ಕಾಗದದ ಫ್ಯಾನು, ಕಾಗದದ ಟೀವಿ, ಕಾಗದದ ಬಟ್ಟೆ ಒಗೆಯುವ ಯಂತ್ರ.

"ಆ ಯಂತ್ರ ನಾನೇ ತಂದೆ," ಎಂದಳು ಲಾನ್. "ಅಲ್ಲಾದ್ರೂ ಅಮ್ಮ ಕೈಯಲ್ಲಿ ಒಗೆಯೋದು ಬೇಡ. ಆದ್ರೆ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಪಾಸ್‌ಪೋರ್ಟು."

"ಪಾಸ್‌ಪೋರ್ಟಾ?"

"ಹೂಂ. ಹೋದ ವರ್ಷ ನಿಜವಾದದ್ದಕ್ಕೇ ಹೋಗಿದ್ವಿ. 'ಸ್ವೀಗೆ ಬರೋಕಾಗಲ್ಲ, ನಾನೇ ಹೋಗ್ತೀನಿ' ಅಂತ ಒಂದೇ ಹಟ. ಅಲ್ಲಿ ಯಂತ್ರದ ಮೇಲೆ ಬೆರಳಿಟ್ರೆ ಗೆರೆನೇ ಬರಲಿಲ್ಲ. ನಲವತ್ತು ವರ್ಷ ಸೋಪಿನ ನೀರಲ್ಲಿ ಸವೆದು ಹೋಗಿತ್ತು. ಮೂರು ಸಲ ಹೋದ್ವಿ, ಮೂರು ಸಲ ವಾಪಸ್. ಆಮೇಲೆ ಹೇಳಿದ್ಲು, 'ನಾನು ಸತ್ತಾಗ ಒಂದು ಸುಡು ಲಾನ್. ಅಲ್ಲಿ ಬೆರಳು ಕೇಳಲ್ಲ. ನಾನೇ ಹೋಗಿ ಅವನ ಮನೇಲಿ ಒಂದು ವಾರ ಇದ್ದು ಬರ್ತೀನಿ' ಅಂತ. ಅದಕ್ಕೇ ಕಾಗದದ್ದೊಂದು ತಂದಿಟ್ಟೆ."

ಸ್ವೀಗೆ ಮೀನುಗಳ ಹೆಸರೆಲ್ಲ ಒಮ್ಮೆಗೇ ಮರೆತುಹೋದವು.

ಪೂಜಾರಿ ಗಂಟೆ ಬಾರಿಸಿದ. ಪೆಟ್ಟಿಗೆಗೆ ಮುಚ್ಚಳ ಹಾಕುವಾಗ ನೋಡಿದರೆ ಕೇಡೆಂದು ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಬೀದಿಯ ಕೊನೆಯಲ್ಲಿ ಫಟ್ ಕೂಡ ಕಡಲೆಕಾಯಿ ಕೆಳಗಿಟ್ಟು ಬೆನ್ನು ತಿರುಗಿಸಿದ. ಆಮೇಲೆ ಅಂಗಳದ ತಗಡಿನ ಡ್ರಮ್ಮಿನಲ್ಲಿ ಬೆಂಕಿ ಹೊತ್ತಿತು. ಹಿರಿಯ ಗಂಡಸಾಗಿ ಒಂದೊಂದನ್ನೂ ಬೆಂಕಿಗೆ ಕೊಡುವವನು ಸ್ವೀಯೇ. ಮೊಯ್ ಅಕ್ಕ ಸುಮ್ಮನೆ ನಿಲ್ಲುವ ಜೀವವಲ್ಲ. ಹೊಗೆಯ ನಡುವೆ ತಟ್ಟೆ ಹಿಡಿದು ಸಾಮಾನು ಎತ್ತಿ ಎತ್ತಿ ಕೊಟ್ಟಳು.

"ಫ್ಯಾನು!" ಎಂದ ಪೂಜಾರಿ. ಫ್ಯಾನು ಹೋಯಿತು.

"ಯಂತ್ರ!" ಯಂತ್ರ ಭಗ್ಗನೆ ಹೋಯಿತು.

"ಪಾಸ್‌ಪೋರ್ಟು!"

ಹೊಗೆಗೂ ಅಳುವಿಗೂ ಕಣ್ಣು ಕಾಣದೆ, ಕನ್ನಡಕವೂ ಇಲ್ಲದೆ, ಸ್ವೀ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. "ಚಿಕ್ಕಮ್ಮಾ, ತಗೋ. ಇನ್ನು ನಿನ್ನನ್ನ ಯಾರೂ ತಡೆಯಲ್ಲ. ನಮ್ಮನೆಗೆ ಬಾ," ಎಂದು ಬೆಂಕಿಗೆ ಹಾಕಿದ.

ಅದೊಂದು ಮಾತ್ರ ಬೇಗ ಹತ್ತಲಿಲ್ಲ. ಪೂಜಾರಿ ಕೋಲಿನಿಂದ ತಿವಿದ. ಕಪ್ಪು ಹೊಗೆ ಎದ್ದಿತು.

"ಮಾಲು ಗಟ್ಟಿ ಇದೆ," ಎಂದ ನೆರೆಯವನೊಬ್ಬ ಮೆಚ್ಚಿ. "ಯಾವ ಅಂಗಡಿದು?"

"ಹೋದವರಿಗೆ ಹೊರಡೋಕೆ ಮನಸ್ಸಿಲ್ಲ," ಎಂದ ಪೂಜಾರಿ. "ಇನ್ನೊಂದು ಸಲ ಕರೀರಿ."

ಸ್ವೀ ಮೂರು ಸಲ ಕರೆದ. ಮೂರನೆಯ ಸಲಕ್ಕೆ ಪುಸ್ತಕ ಹಾಳೆ ಹಾಳೆಯಾಗಿ ಅರಳಿ, ಕೆಂಪಾಗಿ, ಬೂದಿಯಾಯಿತು. ಅವನ ಮನಸ್ಸಿಗೆ ಎಷ್ಟೋ ಸಮಾಧಾನವೆನಿಸಿತು.

ಧೂಪದ ಪಾತ್ರೆ ಹಿಡಿದು ಅವನು ಮುಂದೆ ನಡೆದ. ಮಣ್ಣು ಮುಗಿಸಿ ಮನೆಗೆ ಬಂದಾಗ ನಾಲ್ಕು ಗಂಟೆ. ಬಾಗಿಲಲ್ಲಿ ಚಕ್ಕೋತದ ಎಲೆ ಹಾಕಿದ ನೀರು ಇಟ್ಟಿದ್ದರು. ಮುಖ ತೊಳೆದುಕೊಳ್ಳುವಾಗ ಅಭ್ಯಾಸಬಲದಿಂದ ಆ ಎಲೆಯ ಮಲಯ ಹೆಸರು ಅವನ ಬಾಯಿಗೆ ಬಂತು. ನಾಳೆ ಇದೇ ಕೇಳಲಿ ದೇವರೇ ಎಂದುಕೊಂಡ.

"ಇವತ್ತೊಂದು ದಿನ ಇರು ಅಣ್ಣ," ಎಂದಳು ಲಾನ್. "ಏಳನೇ ದಿನ ಅಮ್ಮ ಮನೆಗೆ ಬರ್ತಾಳೆ. ಅಲ್ಲಿವರೆಗೂ ಇರು ಅನ್ನೋಕೆ ನನಗೆ ಬಾಯಿಲ್ಲ."

"ನಾಳೆ ಎಂಟಕ್ಕೆ ಪರೀಕ್ಷೆ ಲಾನ್. ಪಾಸಾಗಿಬಿಟ್ರೆ ತಿಂಗಳಿಗೊಮ್ಮೆ ಬರ್ತೀನಿ, ನೋಡು."

ಮೊಯ್ ಅಕ್ಕ ಅವನ ಚೀಲವನ್ನು ಆಗಲೇ ತುಂಬಿ ಕಾರಿನಲ್ಲಿಟ್ಟಿದ್ದಳು. "ನಿನ್ನ ಸಾಮಾನೆಲ್ಲ ನಾನೇ ಎತ್ತಿಟ್ಟಿದೀನಿ. ಆ ಮೇಜಿನ ಮೇಲೆ ಎಲ್ಲ ಕಲಸುಮೇಲೋಗರ ಆಗಿತ್ತು, ನಾನಿಲ್ದಿದ್ರೆ ಗತಿ ಏನು ನಿಂಗೆ?"

ಐದೂಕಾಲಿಗೆ ಗಡಿ. ಮೊದಲು ಮಿರಿಯ ಕಡೆಯ ಕಿಟಕಿ. ಒಳಗೆ ಒಬ್ಬ ಯುವ ಅಧಿಕಾರಿಣಿ. ಸ್ವೀ ಚೀಲದಿಂದ ಪುಸ್ತಕ ತೆಗೆದು ಎರಡು ಕೈಯಲ್ಲಿ ಕೊಟ್ಟು, ದೊಡ್ಡ ಕೆಲಸ ಮುಗಿಸಿದವನಂತೆ ಬೆವರೊರೆಸಿಕೊಂಡ.

ಅವಳು ಪುಸ್ತಕ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಕಿಟಕಿಯಲ್ಲಿ ಎತ್ತಿ ಹಿಡಿದು, "ಅಂಕಲ್, ಇದೇನು?" ಎಂದಳು.

ಎರಡು ವರ್ಷದ ಪಾಠ. ಯಾರು "ಇದೇನು" ಎಂದರೂ ಸ್ವೀ ನೆಟ್ಟಗೆ ನಿಂತು ಉತ್ತರಿಸುತ್ತಿದ್ದ. ಈಗಲೂ ನೆಟ್ಟಗೆ ನಿಂತು, ಕನ್ನಡಕ ಹಾಕಿಕೊಂಡು ನೋಡಿದ. ಪಳಪಳ ಹೊಳೆಯುವ ಕೆಂಪು ರಟ್ಟು. ಬಂಗಾರದ ಅಕ್ಷರ. ಒಳಗೆ ಮೋಡದ ಮೇಲೆ ಕುಳಿತ ದೇವಲೋಕದ ರಾಜನ ಚಿತ್ರ. ನೂರ ನಲವತ್ತು ಮೀನು, ತೊಂಬತ್ತು ಎಲೆಗಳ ಹೆಸರು ಬಲ್ಲ ಸ್ವೀಗೆ ಅದಕ್ಕೆ ಏನೆನ್ನಬೇಕೋ ತಿಳಿಯಲಿಲ್ಲ.

"ಮೊಯ್ ಅಕ್ಕಾ!" ಎಂದು ಕಿರುಚಿದ. "ನನ್ನದೆಲ್ಲಿ? ನನ್ನ ಪುಸ್ತಕ!"

ಮೊಯ್ ಅಕ್ಕ ಇಣುಕಿದಳು. "ಅದೇ ಅಲ್ವಾ ನಿಂದು? ಹೊಸದಾಗಿ ಫಳಫಳ ಅಂತಿದೆ."

"ಇನ್ನೊಂದು! ಮಾಸಿದ್ದು!"

"ಆ ಹಳೇದಾ? ಜಿರಳೆ ತಿಂದಿದ್ದಾ?" ಅವಳ ಧ್ವನಿ ಇಳಿಯುತ್ತ ಹೋಯಿತು. "ಎರಡು ಇತ್ತು. ಒಂದು ಅಷ್ಟು ಚೆನ್ನಾಗಿದೆ, ಒಂದು ತರಕಾರಿ ಸುತ್ತೋ ಕಾಗದದ ಹಾಗಿದೆ. ಸರ್ಕಾರದ್ದು ಯಾವುದು ಅಂದ್ಕೋತಾರೆ ನೀನೇ ಹೇಳು. ಲಾನ್ ಅಗ್ಗದ ಮಾಲು ತಂದಿದಾಳೆ ಅಂತ ತಟ್ಟೆಗೆ... ನಿನ್ನ ಕೈಗೇ ಕೊಟ್ನಲ್ಲ ಸ್ವೀ! ನೀನೇ ಹಣೆಗೆ ಒತ್ಕೊಂಡೆ!"

ಅಧಿಕಾರಿಣಿ ಪುಟ ತಿರುಗಿಸುತ್ತಿದ್ದಳು. ಅವಳಿಗೆ ಕರುಣೆಯೂ ನಗುವೂ ಒಟ್ಟಿಗೆ ಬಂದು ಎರಡನ್ನೂ ಅದುಮಿಕೊಂಡಿದ್ದಳು.

"ಅಂಕಲ್, ಇಷ್ಟು ವರ್ಷ ಇಲ್ಲಿ ಕೂತಿದೀನಿ, ಅವಧಿ 'ಎಂದೆಂದಿಗೂ' ಅಂತ ಇರೋ ಪಾಸ್‌ಪೋರ್ಟ್ ಇದೇ ಮೊದಲು. ಪೌರತ್ವ ಅಂತನೂ ಬರೆದಿದೆ ನೋಡಿ. 'ಸ್ವರ್ಗದ ಪ್ರಜೆ.'"

ಸ್ವೀ ಬಗ್ಗಿ ನೋಡಿದ. ನಿಜ. ಅಡ್ಡಗೆರೆ ಇರಲಿಲ್ಲ. ಅರವತ್ತಮೂರು ವರ್ಷಕ್ಕೆ ಮೊದಲ ಬಾರಿ ಪೌರತ್ವವಿರುವ ಪುಸ್ತಕ ಅವನ ಕೈಗೆ ಬಂದಿತ್ತು. ಅದನ್ನು ಹಿಡಿದು ಹತ್ತು ಹೆಜ್ಜೆ ದಾಟುವಂತಿರಲಿಲ್ಲ.

"ನಿಮ್ಮ ದೇಶದ ಕಚೇರಿಗೆ ಬರೆದು ಹೊಸ ಕಾಗದ ತರಿಸ್ಕೊಳ್ಳಿ. ಒಂದು ವಾರ ಹಿಡಿಯುತ್ತೆ," ಎಂದಳು ಅವಳು ಮೆತ್ತಗೆ.

"ನನಗೆ ದೇಶ ಇಲ್ಲಮ್ಮ. ಅದನ್ನ ತಗೊಳ್ಳೋಕೇ ನಾಳೆ ಎಂಟು ಗಂಟೆಗೆ ಹೋಗಬೇಕು."

"ಅಲ್ಲಿಗೆ ಹೋಗೋಕೆ ಕಾಗದ ಬೇಕಲ್ಲ ಅಂಕಲ್."

"ಆ ಕಾಗದಕ್ಕೆ ಅಲ್ಲಿಗೆ ಹೋಗಬೇಕಲ್ಲಮ್ಮ."

ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಮೊಯ್ ಅಕ್ಕ ಪ್ರಜೆ, ಅವಳು ದಾಟಿ ಹೋಗಬಹುದಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಮೊಟ್ಟೆಗಳಿದ್ದವು. ಅವಳು ಕಣ್ಣೊರೆಸಿಕೊಂಡು, "ನಾಳೆ ನಾನೇ ಹೋಗಿ ಅವರಿಗೆಲ್ಲ ತಿಳಿಸಿ ಹೇಳ್ತೀನಿ ಸ್ವೀ," ಎಂದಳು.

"ಬೇಡ ಅಕ್ಕ," ಎಂದು ಸ್ವೀ ಕೈಮುಗಿದ. "ದೇವರಾಣೆ, ಇನ್ನೇನೂ ಸಹಾಯ ಮಾಡಬೇಡ."

ಅವನನ್ನು ವಾಪಸ್ ಕರೆತರಲು ಫಟ್ ಬೈಕಿನಲ್ಲಿ ಬಂದ. ಪೆಟ್ಟಿಗೆ ಹೊರಟುಹೋಗಿದ್ದರಿಂದ ಕೋಳಿಗೂ ಈಗ ಮನೆಯೊಳಗೆ ಬರಲು ಅಡ್ಡಿಯಿರಲಿಲ್ಲ.

ಲಾನ್ ಚಿಕ್ಕಮ್ಮನ ಕುರ್ಚಿ ಎಳೆದು ಹಾಕಿದಳು, ಒಂದು ಬೋಗುಣಿ ನೂಡಲ್ ತಂದು ಮುಂದಿಟ್ಟಳು. ಬಿಳಿಮೆಣಸು ಹೆಚ್ಚು, ಈರುಳ್ಳಿ ಸೊಪ್ಪು ಕಡಿಮೆ, ಚಿಕ್ಕಮ್ಮ ಮಾಡುತ್ತಿದ್ದ ಹಾಗೆಯೇ. "ಒಂದು ವಾರ ಇದ್ದು ಹೋಗಲಿ ಅವನು ಅಂತ ಹನ್ನೊಂದು ವರ್ಷ ಕೇಳಿದ್ಲು," ಎಂದು ಒಳಗೆ ಹೋದಳು.

ಅವನು ತಿನ್ನುತ್ತಿರುವಾಗ ಹಾಜಿಗಳ ಫೋನು ಬಂತು.

"ಸ್ವೀ, ನಾಳೆ ಎಷ್ಟು ಗಂಟೆಗೆ ಎಬ್ಬಿಸ್ಲಿ? ಕೊನೇ ಪಾಠಕ್ಕೆ ಒಂದು ಏಡಿ ಹಿಡಿದಿಟ್ಟಿದೀನಿ, ಒದ್ದಾಡ್ತಿದೆ."

ಸ್ವೀ ಎಲ್ಲ ಹೇಳಿದ. ಆ ಕಡೆ ಹಾಜಿಗಳು ಏಡಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದ ಸದ್ದು ಕೇಳಿಸಿತು.

"ಎರಡು ವರ್ಷ ಕಲಿಸಿದೀನಿ, ಇನ್ನೂ ಹತ್ತು ವರ್ಷ ಕಲಿಸ್ತೀನಿ," ಎಂದರು ಹಾಜಿಗಳು. "ಮೀನು ಎಲ್ಲಿ ಹೋಗುತ್ತೆ? ಈಗ ನನ್ನಿಂದೇನಾಗಬೇಕು ಹೇಳು."

"ಕ್ಯಾಲೆಂಡರಲ್ಲಿ ಇವತ್ತಿಗೆ ಗೀಟು ಹಾಕಬೇಡಿ. ಇನ್ನೊಂದು. ನನ್ನ ಬಾಗಿಲು ತೆಗೆದು, ಮಹಡಿ ಮೇಲೆ ಒಂದು ಲೋಟ ಚಹಾ ಇಡಿ ಹಾಜಿಗಳೇ, ಸಕ್ಕರೆ ಜಾಸ್ತಿ ಹಾಕಿ. ಚಿಕ್ಕಮ್ಮ ಬಂದ್ರೂ ಬರಬಹುದು. ನನ್ನ ಕಾಗದ ಅವಳ ಹತ್ರ ಇದೆ."

ಫೋನ್ ಇಟ್ಟು ಅವನು ಕೈ ತೊಳೆದು, ಮೂರು ಊದುಬತ್ತಿ ಹಚ್ಚಿ, ಚಿಕ್ಕಮ್ಮನ ಚಿತ್ರದ ಮುಂದೆ ಮಂಡಿಯೂರಿದ.

"ಕರುಣೆಯ ದೇವಿ, ತಾಯಿ ಕುವಾನ್ ಇಮ್, ನಮ್ಮ ಗೆಕ್ ಚಿಕ್ಕಮ್ಮ ನಿನ್ನ ಬಾಗಿಲಿಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿರುವುದು ನನ್ನ ಪುಸ್ತಕ, ಅದರಲ್ಲಿರುವುದು ನನ್ನ ಚಿತ್ರ. ಮುಖ ಬೇರೆಯೆಂದು ತಡೆಯಬೇಡ. ಸಾಕಿದವಳು ಅವಳೇ, ಹುಡುಕಿದರೆ ಹೋಲಿಕೆ ಸಿಕ್ಕೀತು. ದೇಶ ಯಾವುದೆಂದು ಕೇಳಬೇಡ, ಅಲ್ಲಿ ಅಡ್ಡಗೆರೆ ಇದೆ. ಬೆರಳು ಕೇಳಬೇಡ, ಅದು ನಮ್ಮ ಬಟ್ಟೆ ಒಗೆದು ಸವೆದದ್ದು. ನನ್ನನ್ನು ಕಾಯಿಸಿದಷ್ಟು ಅವಳನ್ನು ಕಾಯಿಸಬೇಡ, ತಾಯಿ. ಒಳಗೆ ಕರೆದು ಕೂರಿಸು. ಅವಳ ಆತ್ಮಕ್ಕೆ ಶಾಂತಿ ಕೊಡು."